ಮುಖಪುಟದ ಮೇಲಿನ ದೋಣಿ

ನೀಲಿ ಗೆರೆಯ ರೈಲು

ಸ್ವೀಡನ್ನಿಗೆ ಹೋಗಿ ಬಂದವರೆಲ್ಲ ಆಕಾಶದಲ್ಲಿ ಕುಣಿಯುವ ಹಸಿರು ಬೆಳಕಿನ ಬಗ್ಗೆ ಬರೆಯುತ್ತಾರೆ. ನನಗೆ ಅದು ಕಾಣಲಿಲ್ಲ. ನಾನಿದ್ದಷ್ಟು ದಿನವೂ ಸ್ಟಾಕ್‌ಹೋಮಿನ ಮೇಲೆ ಮೋಡ ಕವಿದಿತ್ತು. ನಾನು ಕಣ್ತುಂಬ ನೋಡಿ ಬಂದದ್ದು ಒಂದು ವಸತಿ ಕಟ್ಟಡವನ್ನು, ಅದರ ನೆಲಮಾಳಿಗೆಯಲ್ಲಿದ್ದ ಬಟ್ಟೆ ಒಗೆಯುವ ಕೋಣೆಯನ್ನು. ಅಲ್ಲಿ ತಲೆಗೇರಿದ ಸಿಟ್ಟು ಗದಗಿಗೆ ವಾಪಸು ಬಂದು ಒಂದು ಬೇಸಿಗೆ ಕಳೆದರೂ ಇಳಿದಿಲ್ಲ. ಆ ದೇಶದ ಚಂದ ಓದಬೇಕೆಂದು ಕೂತವರು ಇಲ್ಲಿಗೇ ಪುಟ ತಿರುಗಿಸಬಹುದು.

ನಾನು ಗದಗಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವವಳು, ಬಿಡುವಿನಲ್ಲಿ ಅನುವಾದ ಮಾಡುವವಳು. ಎರಿಟ್ರಿಯಾದಿಂದ ಹೋಗಿ ಸ್ವೀಡನ್ನಿನಲ್ಲಿ ನೆಲೆಸಿದ ಅಲ್ಮಾಜ್ ಎಂಬ ಲೇಖಕಿಯ ಕಾದಂಬರಿಯನ್ನು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ತಂದಿದ್ದೆ. ಅದರ ನಾಯಕಿ ಸಾಬಾ. ಆಕೆ ವಿಮಾನದಲ್ಲಿ ಬರುತ್ತಾಳೆ, ಮದುವೆಯಾಗುತ್ತಾಳೆ, ಗಂಡನನ್ನು ಬಿಡುತ್ತಾಳೆ, ಹಲ್ಲಿನ ದವಾಖಾನೆಯಲ್ಲಿ ಕೆಲಸ ಹಿಡಿಯುತ್ತಾಳೆ. ಆಮೇಲೆ ಇಡೀ ಒಂದು ಚಳಿಗಾಲ ತನ್ನ ಕಟ್ಟಡದವರೊಂದಿಗೆ ಬಟ್ಟೆ ಒಗೆಯುವ ಸರದಿಗಾಗಿ ಗುದ್ದಾಡುತ್ತಾಳೆ.

ಈ ಸರದಿಯ ವಿಷಯ ತಿಳಿಯದಿದ್ದರೆ ಮುಂದಿನದೇನೂ ತಿಳಿಯದು. ಅಲ್ಲಿ ಬಾಡಿಗೆ ಮನೆಗಳಲ್ಲಿ ವಾಷಿಂಗ್ ಮಷೀನ್ ಇರುವುದು ಕಡಿಮೆ. ಕೆಳಗೆ ಎಲ್ಲರಿಗೂ ಸೇರಿ ಒಂದು ಕೋಣೆ, ಗೋಡೆಗೆ ವಾರ ಮತ್ತು ಹೊತ್ತು ಬರೆದ ಹಲಗೆ, ಮನೆಗೊಂದು ಪುಟ್ಟ ಬೀಗ. ಬೇಕಾದ ಹೊತ್ತಿನ ತೂತಿಗೆ ಬೀಗ ಸಿಕ್ಕಿಸಿದರೆ ಆ ಹೊತ್ತು ನಿಮ್ಮದು. ಸರದಿ ಮುಗಿದ ಮೇಲೆ ಬೀಗ ಕಿತ್ತು ಮುಂದಿನ ಸರದಿಗೆ ಹಾಕಬೇಕು. ಸಾಬಾ ಭಾನುವಾರಕ್ಕೆ ಬೀಗ ಹಾಕಿರುತ್ತಾಳೆ. ಪ್ರತಿ ಭಾನುವಾರ ಇಳಿದು ಹೋದರೆ ಮಷೀನಿನಲ್ಲಿ ಬೇರೆ ಯಾರದೋ ಬಟ್ಟೆ ತಿರುಗುತ್ತಿರುತ್ತದೆ. ಕೇಳಿದರೆ ಎಲ್ಲರೂ ನಕ್ಕು ನಮಸ್ಕಾರ ಹೇಳುತ್ತಾರೆ. ಕೊನೆಗೆ ಸಾಬಾ ಮನೆಯಿಂದ ಕುರ್ಚಿ ಹೊತ್ತು ತಂದು ಮಷೀನಿನ ಮುಂದೆ ಕಡಲೆ ಹುರಿದಿಟ್ಟುಕೊಂಡು ಕೂತುಬಿಡುತ್ತಾಳೆ. ಈ ಅಧ್ಯಾಯ ಅನುವಾದ ಮಾಡುವಾಗ ನಾನು ಒಬ್ಬಳೇ ಕೂತು ನಕ್ಕಿದ್ದೆ. ಹಾಗಾಗಿಯೇ ಕನ್ನಡದ ಪುಸ್ತಕಕ್ಕೆ 'ಭಾನುವಾರದ ಬೀಗ' ಎಂದು ಹೆಸರಿಟ್ಟಿದ್ದೆ.

ಬೆಂಗಳೂರಿನ ಪ್ರಕಾಶಕರಿಗೆ ನಗು ಬರಲಿಲ್ಲ.

"ಮಾಲತಿ ಮೇಡಂ, ಅನುವಾದ ಚೆನ್ನಾಗಿದೆ. ಆದ್ರೆ ಆಫ್ರಿಕಾ ಅಂದ್ಮೇಲೆ ಓದುಗ ಏನೋ ಒಂದು ನಿರೀಕ್ಷೆ ಇಟ್ಕೊಂಡು ಬರ್ತಾನೆ. ಯುದ್ಧ, ಹಸಿವು, ಸಮುದ್ರ, ದೋಣಿ. ಇಲ್ಲಿ ನೋಡಿದ್ರೆ ಆಯಮ್ಮ ಬಟ್ಟೆ ಒಗೆಯೋಕೆ ಜಗಳ ಆಡ್ತಾಳೆ. ಆ ಚಾಪ್ಟರ್ ತೆಗೆದುಬಿಡಿ. ಹೆಸರು 'ಕಪ್ಪು ಕಣ್ಣೀರು' ಅಂತಿರಲಿ. ಮುಖಪುಟಕ್ಕೆ ಒಂದು ದೋಣಿ ಹಾಕಿಸ್ತೀನಿ."

"ಪುಸ್ತಕದಲ್ಲಿ ದೋಣಿಯೇ ಇಲ್ಲವಲ್ಲ."

"ಇದ್ದಿದ್ರೆ ಚೆನ್ನಾಗಿತ್ತು. ಹೇಗೂ ಸ್ವೀಡನ್ನಿಗೆ ಅನುವಾದಕರ ಶಿಬಿರಕ್ಕೆ ಹೋಗ್ತಿದೀರಲ್ಲ, ಲೇಖಕೀನ ಒಪ್ಪಿಸ್ಕೊಂಡು ಬನ್ನಿ. ಆಮೇಲೆ ಪ್ರಿಂಟಿಗೆ ಕೊಡೋಣ."

ಲೇಖಕಿ ಬೇಡವೆನ್ನುತ್ತಾಳೆ, ಆ ಬೇಡವನ್ನು ತಂದು ಇವರ ಮೇಜಿನ ಮೇಲೆ ಕುಕ್ಕುತ್ತೇನೆ ಎಂದುಕೊಂಡೇ ನಾನು ವಿಮಾನ ಹತ್ತಿದ್ದು.

ಶಿಬಿರ ಮುಗಿದ ಮೇಲೆ ಕೆಲವು ದಿನ ಉಳಿಯಲು ಜಾಗ ತೋರಿಸಿಕೊಟ್ಟವಳೂ ಅಲ್ಮಾಜಳೇ. "ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದು ಕುಟುಂಬ ಇದೆ. ನೀನು ಫೋನಿನಲ್ಲಿ ಓದಿ ತೋರಿಸಿದ ಭಾಷೆಯ ಹಾಗೆಯೇ ಅವರ ಮಾತು ಕೇಳುತ್ತದೆ. ನನಗೆ ಪರಿಚಯವಿಲ್ಲ, ವಿಚಾರಿಸು" ಎಂದು ಬರೆದಿದ್ದಳು. ಅಲ್ಲಿನ ಕನ್ನಡ ಸಂಘದವರ ಮೂಲಕ ವಿಚಾರಿಸಿದರೆ ನಿಜಕ್ಕೂ ಕನ್ನಡದವರೇ. ಪ್ರವೀಣ್ ಕಿಸ್ಟಾದ ಟೆಲಿಕಾಂ ಆಫೀಸೊಂದರಲ್ಲಿ ಎಂಜಿನಿಯರ್. ಹೆಂಡತಿ ಸೌಮ್ಯಾಗೆ ದಾಗಿಸ್‌ನಲ್ಲಿ, ಅಂದರೆ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಶಾಲೆಯಲ್ಲಿ ಕೆಲಸ. ಪ್ರವೀಣ್ ನಗರದ ನಡುವಿನ ಸ್ಟೇಷನ್ನಿಗೆ ಬಂದು ನನ್ನನ್ನು ನೀಲಿ ಗೆರೆಯ ಮೆಟ್ರೋ ಹತ್ತಿಸಿದ. ರೈಲು ಹೊರವಲಯಕ್ಕೆ ಹೋದ ಹಾಗೆ ಡಬ್ಬಿಯಲ್ಲಿದ್ದ ಬಿಳಿಯರು ಇಳಿಯುತ್ತಾ ಹೋಗಿ ಕರಿಯರು, ಅರಬರು, ನಮ್ಮವರು ಉಳಿದೆವು.

"ಏರಿಯಾ ಸ್ವಲ್ಪ ಮಿಕ್ಸೆಡ್ ಮೇಡಂ," ಎಂದ ಪ್ರವೀಣ್, ಕ್ಷಮೆ ಕೇಳುವ ಹಾಗೆ. "ಆಫೀಸಿಗೆ ಹತ್ರ ಅಂತ ಇದೀವಿ. ಆಫ್ರಿಕನ್ಸ್ ಜಾಸ್ತಿ. ಸಂಜೆ ಮೇಲೆ ಒಬ್ರೇ ಓಡಾಡಬೇಡಿ."

ಅವನು ಇದನ್ನು ಹೇಳುವಾಗ ಎದುರಿನ ಸೀಟಿನಲ್ಲಿ ಒಬ್ಬ ಆಫ್ರಿಕನ್ ಅಜ್ಜಿ ನನ್ನ ದೊಡ್ಡ ಪೆಟ್ಟಿಗೆಗೆ ಜಾಗವಾಗಲೆಂದು ಕಾಲು ಮಡಚಿಕೊಂಡು ಕೂತಿದ್ದಳು.

ಒಂದನೇ ಮಹಡಿ

ಅಲ್ಮಾಜ್ ಬಾಗಿಲು ತೆರೆದವಳೇ ನನ್ನನ್ನು ತಬ್ಬಿಕೊಂಡಳು. ನನ್ನದೇ ವಯಸ್ಸು, ನನಗಿಂತ ಒಂದು ಗೇಣು ಎತ್ತರ, ಹಳದಿ ಅಂಚಿನ ಬಿಳಿ ಬಟ್ಟೆ ಹೊದ್ದಿದ್ದಳು. ಅವಳದೂ ಹಲ್ಲಿನ ದವಾಖಾನೆಯಲ್ಲೇ ಕೆಲಸ. ಲವಂಗ, ಚಕ್ಕೆ ಹಾಕಿದ ಚಹಾ ಕೊಟ್ಟಳು. ಊಟಕ್ಕೆ ತೂತುತೂತಾದ ಅಗಲದ ರೊಟ್ಟಿ ಹಾಸಿ ನನ್ನ ಮುಖವನ್ನೇ ನೋಡಿದಳು.

"ಹೇಳಿಬಿಡು. ಇಲ್ಲಿಗೆ ಬಂದ ಭಾರತದವರೆಲ್ಲ ಹೇಳುತ್ತಾರೆ. ದೋಸೆ ಇದ್ದ ಹಾಗಿದೆ ಅಂತ."

"ದೋಸೆ ಇದ್ದ ಹಾಗಿದೆ," ಎಂದೆ.

"ಮುಗಿಯಿತಲ್ಲ? ಈಗ ಉಣ್ಣು."

ಪ್ರಕಾಶಕರ ಮಾತು ಹೇಗೆ ತೆಗೆಯಲಿ ಎಂದು ನಾನು ಒದ್ದಾಡುತ್ತಿದ್ದೆ. ಅವಳು ಕಪಾಟಿನಿಂದ ತನ್ನ ಕಾದಂಬರಿಯ ಸ್ವೀಡಿಷ್ ಪ್ರತಿ ತೆಗೆದು ಕೈಗೆ ಕೊಟ್ಟಳು. ಮುಖಪುಟ ನೋಡಿದೆ. ಕೆಂಪು ಸಂಜೆ, ಖಾಲಿ ಕಡಲು, ಅದರ ಮೇಲೆ ಒಂದು ದೋಣಿ.

"ನೀನೇನೂ ಹೇಳಬೇಕಾಗಿಲ್ಲ," ಎಂದಳು ಅಲ್ಮಾಜ್. "ಇಲ್ಲಿಯವರೂ ಕೇಳಲಿಲ್ಲ, ಹಾಕಿದರು. ನಾನು ಕೇಳಿದ್ದಕ್ಕೆ, ಇದು ಸಂಕೇತ ಅಂದರು. ನಾನು ವಿಮಾನದಲ್ಲಿ ಬಂದವಳು, ಮಾಲತಿ. ಕಿಟಕಿ ಪಕ್ಕದ ಸೀಟು. ಊಟಕ್ಕೆ ಕೋಳಿ. ಅದನ್ನೇ ಬರೆದೆ. ಆದರೆ ವಿಮಾನದಲ್ಲಿ ಬಂದ ಆಫ್ರಿಕದವಳ ಕಥೆ ಯಾರಿಗೆ ಬೇಕು? ಪುಸ್ತಕದಲ್ಲಿ ನಾವು ಮುಳುಗಬೇಕು, ಇಲ್ಲವೇ ಯಾರಾದರೂ ನಮ್ಮನ್ನು ಎತ್ತಬೇಕು. ದೋಣಿಯಲ್ಲಿ ಬಂದವರು ನನ್ನ ನೆಂಟರಲ್ಲೂ ಇದ್ದಾರೆ. ಅವರ ಕಥೆ ಅವರು ಬರೆದರೆ ಓದಲಿ. ಆದರೆ ದೋಣಿ ಇಳಿದ ಮೇಲೆ ಮನುಷ್ಯರು ಬಟ್ಟೆ ಒಗೆದುಕೊಳ್ಳುತ್ತಾರೆ ಅನ್ನುವುದನ್ನು ಮಾತ್ರ ಯಾರೂ ಓದಲೊಲ್ಲರು."

ನಾನು ತಲೆ ತಗ್ಗಿಸಿ ಪ್ರಕಾಶಕರು ಹೇಳಿದ್ದನ್ನೆಲ್ಲ ಹೇಳಿದೆ. ಅವಳು ರೊಟ್ಟಿ ಮುರಿಯುತ್ತಲೇ ಕೇಳಿಸಿಕೊಂಡಳು.

"ನಿಮ್ಮ ಭಾಷೆಯ ಕಥೆಗಳಲ್ಲಿ ನಾವಿದ್ದೇವೆಯೇ?" ಎಂದು ಕೇಳಿದಳು.

ಇದ್ದಾರೆ. ಇತ್ತೀಚಿನ ಎಷ್ಟೋ ಕಥೆ ಕಾದಂಬರಿಗಳಲ್ಲಿ ಬೆಂಗಳೂರಿನ ಗಲ್ಲಿಯ ಕತ್ತಲಲ್ಲಿ ಅಮಲಿನ ಪುಡಿ ಮಾರುವವನೊಬ್ಬ ನಿಂತಿರುತ್ತಾನೆ. ಅವನಿಗೆ ಹೆಸರಿರುವುದಿಲ್ಲ, ಹಲ್ಲು ಮಾತ್ರ ಇರುತ್ತವೆ. ನಮ್ಮ ಪ್ರವಾಸ ಕಥನಗಳಲ್ಲಿ ಜಿಂಕೆ, ಸಿಂಹದ ನಂತರ ಕುಣಿಯುವವರಾಗಿ ಬರುತ್ತಾರೆ, ಅವರಿಗೂ ಹೆಸರಿರುವುದಿಲ್ಲ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವಾಗ ನನಗೆ ಕಿವಿ ಬಿಸಿಯಾಯಿತು.

"ಹಾಗಾದರೆ ಸಾಬಾ ನಿಮ್ಮ ಊರಿಗೆ ಬಂದರೆ ಬಾಡಿಗೆಗೆ ಮನೆ ಸಿಗುತ್ತದೆಯೇ?"

ನಾನು ಚಹಾ ಕುಡಿದೆ. ಅವಳು ಮತ್ತೆ ಕೇಳಲಿಲ್ಲ. ಅಧ್ಯಾಯ ತೆಗೆಯಲು ತನ್ನ ಒಪ್ಪಿಗೆ ಇಲ್ಲ ಎಂದಷ್ಟೇ ಹೇಳಿ, ಶನಿವಾರ ಕಟ್ಟಡದ ಓದುಗರ ಬಳಗಕ್ಕೆ ತನ್ನೊಂದಿಗೆ ಬರಲು ಕರೆದಳು. ಆ ವರ್ಷ ಅಲ್ಲಿನ ಟೀವಿಯಲ್ಲಿ ದಿನವೂ ನಿರಾಶ್ರಿತರ ಸುದ್ದಿ. ಅದಕ್ಕೆ ಬಳಗದವರು ವರ್ಷಪೂರ್ತಿ ವಲಸೆಗಾರರ ಕಾದಂಬರಿಗಳನ್ನೇ ಓದುತ್ತಿದ್ದರು. ಈ ಸಲ ತಮ್ಮದೇ ಕಟ್ಟಡದವಳ ಪುಸ್ತಕ.

ನೆಲಮಾಳಿಗೆ

ನಾನು ಒಯ್ದದ್ದು ಒಂದೇ ಒಳ್ಳೆಯ ಸೀರೆ, ದಾಳಿಂಬೆ ಬಣ್ಣದ ಹೊಸ ಇಳಕಲ್. ಶಿಬಿರದ ಊಟದಲ್ಲಿ ಅದರ ಮೇಲೆ ಯಾವುದೋ ಹಣ್ಣಿನ ಗೊಜ್ಜು ಚೆಲ್ಲಿತ್ತು. ಶನಿವಾರಕ್ಕೆ ಬೇಕು. ಮನೆಯಲ್ಲಾಗಿದ್ದರೆ ಉಪ್ಪುನೀರಿನಲ್ಲಿ ನೆನೆಹಾಕಿ ನೆರಳಲ್ಲಿ ಒಣಗಿಸುತ್ತಿದ್ದೆ. ಇಲ್ಲಿ ಸ್ನಾನದ ಮನೆಯಲ್ಲಿ ಒಂದು ಬಕೆಟ್ಟೂ ಇರಲಿಲ್ಲ.

"ಇವತ್ತು ಬೆಳಿಗ್ಗೆ ನಮ್ದೇ ಸರದಿ ಆಂಟಿ, ನನಗೆ ಡ್ಯೂಟಿ ಇದೆ. ನೀವೇ ಹಾಕ್ಕೊಂಡ್ಬಿಡಿ," ಎಂದು ಸೌಮ್ಯಾ ಕೀಲಿಕೈ ಕೊಟ್ಟು ಹೋದಳು.

ಇಳಕಲ್ ಸೀರೆ ಮೊದಲ ಒಗೆತಕ್ಕೆ ಬಣ್ಣ ಬಿಡುತ್ತದೆಂದು ಹುಟ್ಟಿದಾಗಿನಿಂದ ಗೊತ್ತು. ಅದಕ್ಕೇ ಬೇರೆ ಬಟ್ಟೆ ಸೇರಿಸದೆ ಸೀರೆಯೊಂದನ್ನೇ ಹಾಕಿ, ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು, ಗುಂಡಿ ಒತ್ತಿದೆ. ಯಾವ ಗುಂಡಿ ಎಂದು ಕೇಳಬೇಡಿ, ಎಲ್ಲವೂ ಸ್ವೀಡಿಷಿನಲ್ಲಿದ್ದವು. ನೀರು ಕಾದು ಕುದಿಯುವ ಸದ್ದು ಬಂತು. ಗಾಜಿನ ಹಿಂದೆ ಸೀರೆ ಓಕುಳಿಯಾಡುತ್ತಿತ್ತು. ಮುಗಿದ ಮೇಲೆ ಸೀರೆ ತೆಗೆದುಕೊಂಡು ಮೇಲೆ ಬಂದೆ. ಮಷೀನಿನ ಬಾಯಿಯ ರಬ್ಬರಿನ ಮಡಿಕೆಯಲ್ಲಿ ಕೆಂಪುನೀರು ನಿಂತಿರುತ್ತದೆಂದು ನನಗೇನು ಗೊತ್ತು. ಸಂಜೆ ಪ್ರವೀಣ್ ವಾಡಿಕೆಯಂತೆ ತನ್ನ ಬೀಗ ಕಿತ್ತು ಮುಂದಿನ ವಾರಕ್ಕೆ ಹಾಕಿ ಬಂದ. ಅಲ್ಲಿಗೆ ಆ ಬೆಳಿಗ್ಗೆ ಯಾರ ಸರದಿಯಿತ್ತು ಎನ್ನುವ ಗುರುತೂ ಹೋಯಿತು.

ಮರುದಿನ ಒಗೆಯುವ ಕೋಣೆಯ ಬಾಗಿಲಿಗೆ ಒಂದು ಚೀಟಿ ಅಂಟಿತ್ತು. ಆ ದೇಶದವರು ಎದುರಿಗೆ ಬೈಯುವುದಿಲ್ಲ, ಚೀಟಿ ಬರೆಯುತ್ತಾರೆ. ಸೌಮ್ಯಾ ನಿಧಾನವಾಗಿ ಓದಿ ಹೇಳಿದಳು: "ನಮ್ಮೆಲ್ಲರ ಮಷೀನಿನಲ್ಲಿ ಬಟ್ಟೆಗೆ ಬಣ್ಣ ಹಾಕಿಕೊಳ್ಳುವ ನಿಮಗೆ. ಇದು ಸ್ವೀಡನ್. ಇಲ್ಲಿ ನಾವು ನಮ್ಮ ನಂತರ ಬರುವವರ ಬಗ್ಗೆ ಯೋಚಿಸುತ್ತೇವೆ. ಪ್ರೀತಿಯ ವಂದನೆಗಳು." ಕೆಳಗೆ ಒಂದು ನಗುವ ಮುಖ ಬರೆದಿತ್ತು. ಪಕ್ಕದ ಹಗ್ಗದ ಮೇಲೆ ಗುಲಾಬಿ ಬಣ್ಣಕ್ಕೆ ತಿರುಗಿದ ಬಿಳಿ ಹಾಸಿಗೆ ಬಟ್ಟೆಗಳು ಎಲ್ಲರೂ ನೋಡಲೆಂದೇ ನೇತಾಡುತ್ತಿದ್ದವು.

"ಯಾರಿಗೆ ಬರೆದದ್ದು ಇದು?" ಎಂದೆ.

ಸೌಮ್ಯಾ ನನ್ನ ಮುಖ ನೋಡಲಿಲ್ಲ. "ಕೆಳಗಿನ ಆಫ್ರಿಕನ್ ಲೇಡೀಗೆ ಅಂತ ಎಲ್ರೂ ಮಾತಾಡ್ಕೋತಿದಾರೆ ಆಂಟಿ. ಅವರು ಕಲರ್ ಕಲರ್ ಬಟ್ಟೆ ಒಣಗಿಸ್ತಾರಲ್ಲ."

ಮೂರನೇ ಮಹಡಿಯ ಅಡುಗೆಮನೆ

ಹಾಸಿಗೆ ಬಟ್ಟೆ ಬ್ರಿಗಿಟ್ಟಾಳದು. ಆಕೆ ಕಟ್ಟಡದ ಬಾಡಿಗೆದಾರರ ಸಮಿತಿಯ ಅಧ್ಯಕ್ಷೆ. ಬರೀ ಚೀಟಿಯಾಗಿದ್ದರೆ ಒಂದು ಮಾತು, ಆಕೆ ಕಟ್ಟಡದ ಮನೆಗಳನ್ನು ಬಾಡಿಗೆಗೆ ಕೊಡುವ ಕಂಪನಿಗೆ ಅಲ್ಮಾಜಳ ಹೆಸರು ಹಾಕಿ ದೂರು ಬರೆದಿದ್ದಳು. ಸಂಜೆ ಊಟದ ಹೊತ್ತಿಗೆ ಪ್ರವೀಣ್ ಸುದ್ದಿ ತಂದ. ಅಲ್ಮಾಜಳ ಮೇಲೆ ಆಗಲೇ ಎರಡು ದೂರುಗಳಿದ್ದವಂತೆ. ಒಂದು, ಅಡುಗೆಯ ವಾಸನೆ. ಇನ್ನೊಂದು, ಅವಳ ತಾಯಿ ತೀರಿಕೊಂಡಾಗ ನೆಂಟರು ಬಂದು ಮೆಟ್ಟಿಲ ಮೇಲೆ ಅತ್ತದ್ದು. ಇದು ಮೂರನೆಯದು. ಕಂಪನಿಯವರು ಮನೆಯ ಕರಾರನ್ನೇ ರದ್ದು ಮಾಡುವ ಬಗ್ಗೆ ಯೋಚಿಸುತ್ತೇವೆಂದು ಅವಳಿಗೆ ಫೋನ್ ಮಾಡಿದ್ದರು.

"ಪಾಪ, ಆದ್ರೆ ಏನ್ಮಾಡೋದು," ಎಂದ ಪ್ರವೀಣ್, ಅನ್ನಕ್ಕೆ ಸಾರು ಹಾಕಿಕೊಳ್ಳುತ್ತಾ.

"ಏನ್ ಮಾಡೋದೇನು? ನಾಳೆ ಹೋಗಿ ನನ್ನ ಸೀರೆ ಅಂತ ಹೇಳ್ತೀನಿ."

ಅವನ ಕೈ ನಿಂತಿತು. "ಮೇಡಂ, ಪ್ಲೀಸ್. ಈ ಮನೆ ನಮ್ಮ ಹೆಸರಲ್ಲಿಲ್ಲ. ಇನ್ನೊಬ್ಬರಿಂದ ಸೆಕೆಂಡ್ ಹ್ಯಾಂಡ್ ಬಾಡಿಗೆಗೆ ತಗೊಂಡಿದೀವಿ, ಕಂಪನಿಗೆ ಗೊತ್ತಿಲ್ಲ. ಅದರ ಮೇಲೆ ನಿಮಗೆ ರೂಂ ಕೊಟ್ಟಿದೀವಿ. ಯಾವ ಮನೆ, ಯಾರು ಅಂತ ಕೆದಕಿದ್ರೆ ನಾವು ಬೀದಿಗೆ ಬರ್ತೀವಿ. ಇಲ್ಲಿ ಮನೆ ಸಿಗೋಕೆ ಎಷ್ಟು ಕಷ್ಟ ಗೊತ್ತಾ?"

"ಅಕಿಗೆ ಸಿಗೋದು ಸುಲಭ ಐತೇನು?"

ಸಿಟ್ಟು ಬಂದರೆ ನನ್ನ ಬಾಯಿಂದ ಗದಗಿನ ಮಾತೇ ಬರುವುದು. ಅಷ್ಟು ದಿನ ಅವರ ಮನೆಯಲ್ಲಿ ಬೆಂಗಳೂರಿನವರ ಹಾಗೆ ನಾಜೂಕಾಗಿ ಮಾತಾಡಿಕೊಂಡಿದ್ದೆ.

"ಅವರಿಗೆಲ್ಲ ಅಭ್ಯಾಸ ಇರುತ್ತೆ ಮೇಡಂ," ಎಂದ ಪ್ರವೀಣ್. "ಕೊಮ್ಮೂನ್, ಅಂದ್ರೆ ಇಲ್ಲಿನ ನಗರಸಭೆಯವರು ಬೇರೆ ಕಡೆ ಕೊಡ್ತಾರೆ. ನಮ್ಮನ್ನ ಯಾರು ನೋಡ್ತಾರೆ? ಇಷ್ಟು ವರ್ಷ ಒಳ್ಳೇ ಹೆಸರು ಇಟ್ಕೊಂಡು ಬಂದಿದೀವಿ."

"ಅಭ್ಯಾಸ ಅಂದ್ರ? ಮನಿ ಬಿಟ್ಟು ಹೋಗೋದು ಯಾರಿಗೆ ಅಭ್ಯಾಸ ಆಗ್ತೈತಿ ಪ್ರವೀಣ್? ನನ್ನ ಸೀರಿ ಬಣ್ಣಾ ಬಿಟ್ರ ಅಕಿ ಯಾಕ ಮನಿ ಬಿಡ್ಬೇಕು?"

ಅವರ ಮಗಳು ದಿಯಾ, ಅಲ್ಲೇ ಹುಟ್ಟಿ ಬೆಳೆದ ಹೈಸ್ಕೂಲು ಹುಡುಗಿ, ತಟ್ಟೆಯಿಂದ ತಲೆಯೆತ್ತಿ ಅಪ್ಪನಿಗೆ ಸ್ವೀಡಿಷಿನಲ್ಲಿ ಏನೋ ಚುಟುಕಾಗಿ ಹೇಳಿದಳು. ಪ್ರವೀಣನ ಮುಖ ಕೆಂಪಾಯಿತು. ಏನಂದಳೆಂದು ಕೇಳಿದ್ದಕ್ಕೆ ಸೌಮ್ಯಾ, "ಹೇಡಿ ಅಂದ್ಲು ಆಂಟಿ," ಎಂದು ತಟ್ಟೆ ತೆಗೆದುಕೊಂಡು ಎದ್ದಳು.

ನಾನು ಚಪ್ಪಲಿ ಮೆಟ್ಟಿ ಒಂದನೇ ಮಹಡಿಗೆ ಇಳಿದೆ. ಅಲ್ಮಾಜಳಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದು ಕಾದಿದ್ದೆ. ಅವಳು ಜೋರಾಗಿ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡು ಗಂಭೀರವಾದಳು.

"ಮಾಲತಿ, ನನಗೊಂದು ಮಾತು ಕೊಡು. ಶನಿವಾರದವರೆಗೆ ಸುಮ್ಮನಿರು. ಬಳಗದಲ್ಲಿ ಎಲ್ಲರಿಗೂ ಸರದಿ ಬರುತ್ತದೆ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಈ ಕಟ್ಟಡದವರೆಲ್ಲ ಬಾಯಲ್ಲಿ ಕೇಕು ಇಟ್ಟುಕೊಂಡು ನಾನು ಹೇಳುವುದನ್ನು ಕೇಳಲೇಬೇಕಾದ ದಿನಕ್ಕೆ ವರ್ಷಗಟ್ಟಲೆ ಕಾದಿದ್ದೇನೆ. ನಾನು ಹೇಳಿದ ಮೇಲೆ ಬೇಕಾದರೆ ನೀನು ಹೌದು ಅನ್ನು. ಮೊದಲು ನಾನು."

ಆಗಲಿ ಎಂದೆ. ಮಾತು ಕೊಡುವಾಗ ನನಗೆ ಅನುಮಾನವಿರಲಿಲ್ಲ.

ಸಭೆಯ ಕೋಣೆ

ಅಲ್ಲಿ ಫೀಕಾ ಎಂದರೆ ಕಾಫಿ, ತಿಂಡಿ ಇಟ್ಟುಕೊಂಡು ಸಾವಕಾಶ ಕೂರುವುದು. ಅದನ್ನು ಅವರು ನಮ್ಮ ಮದುವೆ ಊಟದಷ್ಟೇ ಶ್ರದ್ಧೆಯಿಂದ ಮಾಡುತ್ತಾರೆ. ಕೆಳಗಿನ ಸಭೆಯ ಕೋಣೆಯಲ್ಲಿ ಮೇಜಿಗೆ ಬಿಳಿ ಬಟ್ಟೆ ಹಾಸಿ, ಮೇಣದಬತ್ತಿ ಹಚ್ಚಿ, ದಾಲ್ಚಿನ್ನಿ ಬನ್ನು ಜೋಡಿಸಿದ್ದರು. ಒಂದು ಹತ್ತು ಜನರಿದ್ದರು, ಹೆಚ್ಚಿನವರು ನಡುವಯಸ್ಸು ದಾಟಿದ ಹೆಂಗಸರು. ಬ್ರಿಗಿಟ್ಟಾ ತೆಳ್ಳನೆಯ, ಮೆಲುದನಿಯ, ನೋಡಿದರೆ ಅಜ್ಜಿ ಎಂದು ಕರೆಯಬೇಕೆನಿಸುವ ಹೆಂಗಸು. ನನ್ನ ಎರಡೂ ಕೈ ಹಿಡಿದುಕೊಂಡು, ಇಷ್ಟು ದೂರದಿಂದ ಬಂದಿರಲ್ಲ ಎಂದಳು. ನನಗಾಗಿ ಆ ದಿನ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡಿದರು. ಕಟ್ಟಡದವರಿಗೆಲ್ಲ ಕರೆ ಇದ್ದುದರಿಂದ ಸೌಮ್ಯಾಳೂ ಬಂದು ಬಾಗಿಲ ಹತ್ತಿರ ಕೂತಿದ್ದಳು. ಪ್ರವೀಣ್ ಬರಲಿಲ್ಲ.

ಸರದಿ ಸುತ್ತು ಹೊಡೆಯಲು ಶುರುವಾಯಿತು. ಮೊದಲಿನವಳು ಕಾದಂಬರಿ ಓದಿ ಅತ್ತೆ ಎಂದಳು. ಯಾವ ಪುಟದಲ್ಲಿ ಎಂದು ಕೇಳಬೇಕೆನಿಸಿತು, ನಿಯಮ ನೆನಪಾಗಿ ಬನ್ನು ತಿಂದೆ. ಎರಡನೆಯವನು ನಿವೃತ್ತ ಮೇಷ್ಟ್ರು. ದೋಣಿಯ ಪ್ರಯಾಣವನ್ನು ಲೇಖಕಿ ಹೇಳದೆ ಬಿಟ್ಟಿರುವುದೇ ಕಾದಂಬರಿಯ ದೊಡ್ಡ ಶಕ್ತಿ, ಆ ಮೌನದಲ್ಲಿ ಅಲೆಗಳ ಸದ್ದು ಕೇಳುತ್ತದೆ ಎಂದ. ಅಲ್ಮಾಜ್ ಕಾಫಿಗೆ ಸಕ್ಕರೆ ಹಾಕಿ ಕಲಕುತ್ತಿದ್ದಳು. ಇನ್ನೊಬ್ಬಳು, ಸಾಬಾ ಇಷ್ಟು ಜಗಳಗಂಟಿಯಾಗದಿದ್ದರೆ ಅವಳ ಮೇಲೆ ಇನ್ನೂ ಕನಿಕರ ಬರುತ್ತಿತ್ತು ಎಂದಳು.

ನನಗಿಂತ ಮೊದಲು ಬ್ರಿಗಿಟ್ಟಾಳ ಸರದಿ, ಅಲ್ಮಾಜಳದು ನನ್ನ ನಂತರ.

"ಆಫ್ರಿಕದ ನೋವು ನನ್ನನ್ನು ಬಹಳ ಕಾಡುತ್ತದೆ," ಎಂದಳು ಬ್ರಿಗಿಟ್ಟಾ. ಅವಳ ಕಣ್ಣಲ್ಲಿ ನಿಜವಾಗಿ ನೀರಿತ್ತು. "ಅಲ್ಮಾಜ್, ನಿನ್ನಂಥವರು ನಮ್ಮ ನಡುವೆ ಇರುವುದು ನಮಗೆ ಹೆಮ್ಮೆ. ಒಂದು ಅಧ್ಯಾಯ ಮಾತ್ರ, ಆ ಬಟ್ಟೆ ಒಗೆಯುವುದು, ಅದು ಉತ್ಪ್ರೇಕ್ಷೆ ಅನ್ನಿಸಿತು. ತಮಾಷೆಗೆ ಬರೆದದ್ದು ಅಂತ ಗೊತ್ತು. ನಮ್ಮಂಥ ಕಟ್ಟಡಗಳಲ್ಲಿ ಯಾರೂ ಯಾರ ಜೊತೆಗೂ ಹಾಗೆ ನಡೆದುಕೊಳ್ಳುವುದಿಲ್ಲ."

ಆಮೇಲೆ ನನ್ನತ್ತ ತಿರುಗಿ ನಸುನಕ್ಕು, ನನ್ನ ಸರದಿ ಎಂದು ಕೈ ತೋರಿಸಿದಳು.

ಮಾತು ಕೊಟ್ಟದ್ದು ನೆನಪಿರಲಿಲ್ಲವೆಂದರೆ ಸುಳ್ಳಾಗುತ್ತದೆ. ನೆನಪಿತ್ತು. ಆದರೆ ಕೈ ಆಗಲೇ ಉಟ್ಟಿದ್ದ ಇಳಕಲ್ಲಿನ ಸೆರಗು ಹಿಡಿದಿತ್ತು. ಎದ್ದು ನಿಂತು ಎದುರಿಗಿದ್ದ ಬಿಸಿನೀರಿನ ಲೋಟದಲ್ಲಿ ಸೆರಗಿನ ತುದಿ ಅದ್ದಿ, ಬಿಳಿ ಮೇಜುಬಟ್ಟೆಯ ಮೇಲೆ ಒತ್ತಿ ಹಿಡಿದೆ. ತೆಗೆದಾಗ ಅಲ್ಲಿ ಅಂಗೈಯಗಲ ಕೆಂಪು ಕಲೆ.

"ನಿಮ್ಮ ಹಾಸಿಗೆ ಬಟ್ಟೆ ಹಾಳು ಮಾಡಿದ್ದು ಈ ಸೀರೆ," ಎಂದೆ. "ನನ್ನದು. ಒಗೆದವಳು ನಾನು. ಬಾಗಿಲಿಗೆ ಚೀಟಿ ಹಚ್ಚಿ, ಕಂಪನಿಗೆ ಬರೆದು, ನೀವು ಮನೆ ಬಿಡಿಸಲು ಹೊರಟಿರುವುದು ಇವಳನ್ನು. ಪುಸ್ತಕದಲ್ಲಿರುವವಳಿಗೆ ಅಳುತ್ತೀರಿ. ನಿಮ್ಮ ಮೆಟ್ಟಿಲ ಕೆಳಗಿರುವವಳನ್ನು ಒಂದು ಮಾತು ಕೇಳಲಿಲ್ಲ. ಇಷ್ಟು ಕಾದಂಬರಿ ಓದಿ ಏನು ಮಾಡಿದಿರಿ ನೀವು?"

ನಾನು ಕೂತೆ. ಈಗ ಎಲ್ಲರೂ ನಾಚಿಕೆಯಿಂದ ತಲೆ ತಗ್ಗಿಸುತ್ತಾರೆ ಎಂದುಕೊಂಡೆ.

ಬ್ರಿಗಿಟ್ಟಾ ಮುಂದೆ ಬಾಗಿ ನನ್ನ ಕೈ ಮುಟ್ಟಿದಳು. "ಅಯ್ಯೋ, ನೀವಾ? ಚಿಂತೆ ಮಾಡಬೇಡಿ. ನೀವು ಅತಿಥಿ, ನಿಮಗೆ ಹೇಗೆ ಗೊತ್ತಾಗಬೇಕು? ಎಷ್ಟು ಚಂದದ ಸೀರೆ. ಕೈಮಗ್ಗದ್ದೇ? ಇದು ಸಹಜ ಬಣ್ಣವೇ?"

ಪಕ್ಕದವಳು ಸೆರಗು ಹಿಡಿದು ನೇಯ್ಗೆ ನೋಡಿದಳು. ಮೇಷ್ಟ್ರು, ತಾನು ಒಮ್ಮೆ ಹಂಪಿಗೆ ಹೋಗಿದ್ದೆ ಎಂದ. ಯಾವ ಮನೆಯ ಅತಿಥಿ ಎಂದು ಒಬ್ಬರೂ ಕೇಳಲಿಲ್ಲ. ಪ್ರವೀಣ್ ಹೆದರಿದ್ದೆಲ್ಲ ದಂಡ. ಇಂಡಿಯಾದ ಎಂಜಿನಿಯರನ ಮನೆಯನ್ನು ಕೆದಕುವ ಯೋಚನೆಯೇ ಅಲ್ಲಿ ಯಾರಿಗೂ ಬರಲಿಲ್ಲ. ಕಂಪನಿಗೆ ನಾಳೆಯೇ ಬರೆದು ದೂರು ವಾಪಸು ತೆಗೆದುಕೊಳ್ಳುತ್ತೇನೆ, ಒಂದು ಚಿಕ್ಕ ತಪ್ಪು ತಿಳಿವಳಿಕೆ ಅಷ್ಟೇ, ಎಂದಳು ಬ್ರಿಗಿಟ್ಟಾ. ಹೇಳಿದ್ದು ನನಗೆ. ಅಲ್ಮಾಜಳ ಕಡೆ ತಿರುಗಿ ಯಾರೂ ಏನೂ ಹೇಳಲಿಲ್ಲ.

ಅದೇ ಕಲೆ. ಅವಳದು ಎನ್ನುವಾಗ ಮನೆ ಬಿಡಿಸುವಷ್ಟು ದೊಡ್ಡದಾಗಿತ್ತು, ನನ್ನದು ಎಂದ ಮೇಲೆ ಕೈಮಗ್ಗದ ಪ್ರದರ್ಶನವಾಯಿತು. ನನಗೆ ಮೇಜು ಮಗುಚಿ ಹಾಕಬೇಕೆನಿಸಿತು.

"ಅಲ್ಮಾಜ್, ಈಗ ನಿನ್ನ ಸರದಿ," ಎಂದಳು ಬ್ರಿಗಿಟ್ಟಾ ಅಕ್ಕರೆಯಿಂದ. "ಎಲ್ಲ ಬಗೆಹರಿಯಿತಲ್ಲ, ಈಗ ಹೇಗನ್ನಿಸುತ್ತಿದೆ?"

ಎಲ್ಲರೂ ಅವಳನ್ನು ನೋಡಿದರು. ಅವಳು ನನ್ನನ್ನು ನೋಡಿದಳು. ಆ ನೋಟ ನೆನಸಿಕೊಂಡರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

"ನನ್ನ ಸರದಿ ಬಿಟ್ಟುಕೊಡುತ್ತೇನೆ," ಎಂದಳು.

ಮೆಟ್ಟಿಲು

ಮೆಟ್ಟಿಲ ಮೇಲೆ ನಾನು ಅವಳ ಹಿಂದೆ ಓಡಿದೆ.

"ದೂರು ಹೋಯಿತಲ್ಲ, ಅಲ್ಮಾಜ್. ಮನೆ ಉಳಿಯಿತು."

"ಉಳಿಯಿತು. ಥ್ಯಾಂಕ್ಸ್." ಅವಳು ನಿಂತು ತಿರುಗಿದಳು. "ನಾನು ಏನು ಕೇಳಿದ್ದೆ? ಮೊದಲು ನಾನು ಅಂತ. ನಾನು ಮಾಡಿಲ್ಲ ಅಂತ ನಾನು ಹೇಳಬೇಕಿತ್ತು, ಅವರು ನಂಬಬೇಕಿತ್ತು. ನಂಬುತ್ತಾರೋ ಇಲ್ಲವೋ ನೋಡಬೇಕಿತ್ತು ನನಗೆ. ಈಗ ಅದು ಎಂದಿಗೂ ಗೊತ್ತಾಗುವುದಿಲ್ಲ. ನೀನು ಹೇಳಿದೆ, ಅವರು ನಂಬಿದರು. ನನ್ನನ್ನು ಮತ್ತೆ ದೋಣಿಯಿಂದ ಎತ್ತಿ ದಡಕ್ಕೆ ಹಾಕಿದೆ."

ಅಷ್ಟು ದಿನ ಪ್ರವೀಣನ ಮೇಲೆ, ಬ್ರಿಗಿಟ್ಟಾಳ ಮೇಲೆ ಹಾಯುತ್ತಿದ್ದ ಸಿಟ್ಟು ಒಮ್ಮೆಲೇ ನನ್ನ ಕಡೆಗೇ ತಿರುಗಿತು. ಕುರ್ಚಿ ಹಾಕಿಕೊಂಡು ಕೂತ ಸಾಬಾಳ ಪುಟಗಳನ್ನು ಒಂದೊಂದು ಶಬ್ದ ತೂಗಿ ಕನ್ನಡಕ್ಕೆ ತಂದವಳು ನಾನು. ಅವಳ ಕುರ್ಚಿಯಲ್ಲಿ ನಾನೇ ಹೋಗಿ ಕೂತಿದ್ದೆ.

"ನಿನ್ನ ಸಿಟ್ಟು ನಿಜವಾದದ್ದು, ಅದು ನನಗೆ ಗೊತ್ತು," ಎಂದಳು ಅವಳು ತನ್ನ ಬಾಗಿಲ ಕೀಲಿ ತೆಗೆಯುತ್ತಾ. "ಅದನ್ನು ನಿಮ್ಮ ಊರಿಗೆ ತೆಗೆದುಕೊಂಡು ಹೋಗು. ಅಲ್ಲಿ ಕೆಲಸಕ್ಕೆ ಬರುತ್ತದೆ."

ಬಾಗಿಲು ಹಾಕಿಕೊಂಡಳು. ದಡಾರನೆ ಏನಲ್ಲ, ಮೆಲ್ಲಗೆ.

ಮರುದಿನ ನನ್ನ ವಿಮಾನ. ಭಾನುವಾರವಾದರೂ ಪ್ರವೀಣ್ ಆಫೀಸಿನ ಕೆಲಸವೆಂದು ಬೇಗ ಹೋಗಿದ್ದ. ಸೌಮ್ಯಾ ನನ್ನ ಪೆಟ್ಟಿಗೆ ಹಿಡಿದು ಮೆಟ್ಟಿಲಿಳಿಯುತ್ತಾ ಒಂದನೇ ಮಹಡಿಯಲ್ಲಿ ನಿಂತಳು. ಬಾಗಿಲ ಮೇಲಿನ ಹೆಸರು ನೋಡುತ್ತಾ, "ಇಷ್ಟು ವರ್ಷದಿಂದ ಮೇಲೆ ಕೆಳಗೆ ಓಡಾಡ್ತಿದೀನಿ ಆಂಟಿ. ಇವರ ಹೆಸರು ನಾನು ಓದಿದ್ದೇ ಇವತ್ತು," ಎಂದಳು.

ಬೆಂಗಳೂರು

ಪ್ರಕಾಶಕರಿಗೆ ನಡೆದದ್ದನ್ನೆಲ್ಲ ಹೇಳಿದೆ, ಮೆಟ್ಟಿಲ ಮೇಲೆ ಆದದ್ದನ್ನೂ ಸೇರಿಸಿ. ಅವರು ಕುರ್ಚಿಯಲ್ಲಿ ಮುಂದೆ ಬಂದು ಕೂತರು.

"ಮೇಡಂ, ಇದೇ ಬೇಕಾಗಿದ್ದು. ಆ ಸೀರೆ ಅದ್ದಿದ್ದು, ಕಲೆ ಹಾಕಿದ್ದು, ಇದನ್ನೇ ಮುನ್ನುಡಿ ಮಾಡಿ. ಕನ್ನಡದ ಹೆಣ್ಣುಮಗಳು ಸ್ವೀಡನ್ನಿನಲ್ಲಿ ಆಫ್ರಿಕದ ಲೇಖಕೀನ ಕಾಪಾಡಿದ್ದು. ಬಟ್ಟೆ ಒಗೆಯೋ ಚಾಪ್ಟರೂ ಇರಲಿ ಬಿಡಿ ಹಾಗಾದ್ರೆ."

"ಮುನ್ನುಡಿ ಇಲ್ಲ. ದೋಣಿಯೂ ಇಲ್ಲ. ಪುಸ್ತಕ ಅವಳು ಬರೆದ ಹಾಗೆ ಬರಬೇಕು."

"ಅದೇನ್ ಹಠ ಮೇಡಂ ನಿಮ್ದು." ಅವರು ಬೇಸರದಿಂದ ಹಸ್ತಪ್ರತಿ ತಿರುವಿದರು. "ಆದ್ರೂ ನೋಡಿ, ಆ ಬಿಳಿಯರಿಗೆ ಎಷ್ಟು ಕೊಬ್ಬು. ಒಂದು ಹೆಣ್ಣನ್ನ ಮನೆ ಬಿಡಿಸೋಕೆ ಹೋಗ್ತಾರೆ ಅಂದ್ರೆ. ಕರುಳು ಚುರ್ ಅನ್ನುತ್ತೆ."

ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಯಾರೋ ಬಾಡಿಗೆ ಮನೆ ಕೇಳುತ್ತಿದ್ದರು. ಅವರ ಮೇಲಿನ ಮನೆ ಖಾಲಿಯಿತ್ತು. ಹೌದು ಖಾಲಿ ಇದೆ, ಬಂದು ನೋಡಿ ಎಂದರು. ಆಮೇಲೆ, "ಯಾರಿಗೆ, ನಿಮಗೇನಾ?" ಎಂದು ಕೇಳಿ ಸ್ವಲ್ಪ ಹೊತ್ತು ಕೇಳಿಸಿಕೊಂಡರು. "ಆಫ್ರಿಕಾ ಹುಡುಗ್ರಿಗಾ? ಬೇಡ ಸಾರ್. ನಂದೇನಿಲ್ಲ, ಅಕ್ಕಪಕ್ಕದವರು ಒಪ್ಪಲ್ಲ." ಫೋನ್ ಇಟ್ಟು, ಎಲ್ಲಿದ್ದೆವು ಎನ್ನುವ ಹಾಗೆ ನನ್ನನ್ನು ನೋಡಿದರು. ಅವರ ಇನ್ನೊಂದು ಕೈ ಆಗಲೂ ಹಸ್ತಪ್ರತಿಯ ಮೇಲೇ ಇತ್ತು.

ನಾನು ಅವರ ಕೈ ಕೆಳಗಿನಿಂದ ಹಸ್ತಪ್ರತಿ ಎಳೆದುಕೊಂಡೆ. ಬಾಯಿಗೆ ಬಂದದ್ದನ್ನೆಲ್ಲ ಗದಗಿನ ಭಾಷೆಯಲ್ಲಿ ಅಂದೆ, ಇಲ್ಲಿ ಬರೆಯುವಂಥದ್ದಲ್ಲ. ಆಮೇಲೆ ಹುಬ್ಬಳ್ಳಿಯ ಬಸ್ ಹತ್ತಿದೆ.

ಎಷ್ಟೋ ದಿನ ಅಲ್ಮಾಜಳಿಗೆ ಬರೆಯಲು ಮುಖವಿರಲಿಲ್ಲ. ಕೊನೆಗೆ ಎರಡು ಸಾಲು ಬರೆದೆ: "ಅವತ್ತು ಚಹಾ ಕುಡಿಯುವಾಗ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. ಇಲ್ಲ, ಸಾಬಾಳಿಗೆ ನಮ್ಮಲ್ಲಿ ಮನೆ ಸಿಗಲಿಲ್ಲ. ಬೇರೆ ಕಡೆ ಹುಡುಕುತ್ತಿದ್ದೇನೆ."

ಉತ್ತರ ಬರುವುದಿಲ್ಲವೆಂದುಕೊಂಡಿದ್ದೆ. ಒಂದು ಭಾನುವಾರ ಬಂತು. ಹಲಗೆಯ ಮೇಲಿನ ತನ್ನ ಬೀಗದ ಫೋಟೋ ಕಳಿಸಿದ್ದಳು. ಅದರ ಕೆಳಗೆ ಬರೆದಿದ್ದಳು: "ಅವಸರವಿಲ್ಲ. ಸಾಬಾಳಿಗೆ ಕಾಯುವುದು ಗೊತ್ತು, ಕುರ್ಚಿ ಜೊತೆಗೇ ಇದೆ. ದೋಣಿ ಮಾತ್ರ ಕಳಿಸಬೇಡ."